ಖಾಸಗಿ ಬದುಕಿನ ಹಕ್ಕು

ನಮ್ಮ ಹಳ್ಳಿಗಳಲ್ಲಿ ಹಗಲು ಹೊತ್ತು ಮನೆಯ ಬಾಗಿಲುಗಳು ತೆರೆದೇ ಇರುತ್ತವೆ. ಆದರೂ ನೆರೆಮನೆಗೆ ಹೋದವರು ನೇರವಾಗಿ ಒಳಕ್ಕೆ ನುಗ್ಗುವುದಿಲ್ಲ. ಜಗಲಿಯ ಬಳಿ ನಿಂತು ಒಮ್ಮೆ ಕೆಮ್ಮುತ್ತಾರೆ, ಇಲ್ಲವೆ, "ಯಾರಿದ್ದೀರಿ ಒಳಗೆ?" ಎಂದು ಕೂಗುತ್ತಾರೆ. ಒಳಗಿನವರು "ಬನ್ನಿ" ಎಂದ ಮೇಲೆಯೇ ಹೊಸ್ತಿಲು ದಾಟುತ್ತಾರೆ. ಈ ಮರ್ಯಾದೆಯನ್ನು ಅವರಿಗೆ ಯಾವ ಶಾಲೆಯೂ ಕಲಿಸಲಿಲ್ಲ. ಯಾವ ಕಾನೂನೂ ವಿಧಿಸಲಿಲ್ಲ. ಅಂಚೆಯ ಕಾಗದಗಳ ವಿಷಯದಲ್ಲಿಯೂ ಹೀಗೆಯೇ ಇತ್ತು. ಕ್ಷೇಮಸಮಾಚಾರವನ್ನು ತಿಳಿಸಲು ಅಂಚೆ ಕಾರ್ಡು ಸಾಕಾಗುತ್ತಿತ್ತು. ಮಗಳ ಮದುವೆಯ ಮಾತುಕತೆ, ಸಾಲದ ಸಂಗತಿ, ಅಣ್ಣತಮ್ಮಂದಿರ ಮನಸ್ತಾಪ ಇವುಗಳನ್ನು ಬರೆಯಬೇಕಾದಾಗ ನಮ್ಮ ಹಿರಿಯರು ಹೆಚ್ಚು ಹಣ ತೆತ್ತು, ಮಡಿಸಿ ಅಂಟಿಸುವ ಇನ್‌ಲ್ಯಾಂಡ್ ಕಾಗದವನ್ನು ಕೊಳ್ಳುತ್ತಿದ್ದರು. ಅವರು ಅದರಲ್ಲಿ ಬರೆದುದು ಅಪರಾಧದ ಸಂಗತಿಯೇನೂ ಆಗಿರಲಿಲ್ಲ. ಅದು ತಮ್ಮದು, ಊರವರೆಲ್ಲರದಲ್ಲ ಎಂಬುದಷ್ಟೇ ಅವರ ಭಾವನೆ.

ಇಂದು ಕಾಗದದ ಕೆಲಸವನ್ನು ಮೊಬೈಲ್ ಫೋನು ಮಾಡುತ್ತಿದೆ. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ನಮ್ಮ ಹೆಸರು, ಸಂಖ್ಯೆ, ವಿಳಾಸ, ಬೆರಳಚ್ಚುಗಳನ್ನು ಕೇಳುವವರು ಹೆಚ್ಚಾಗಿದ್ದಾರೆ. ಹೀಗೇಕೆ ಎಲ್ಲವನ್ನೂ ಕೊಡಬೇಕು ಎಂದು ಯಾರಾದರೂ ಪ್ರಶ್ನಿಸಿದರೆ, ಬಸ್ಸಿನಲ್ಲಿಯೂ ಹೋಟೆಲಿನಲ್ಲಿಯೂ ಒಂದೇ ಉತ್ತರ ಕೇಳಿಬರುತ್ತದೆ: "ಕೊಟ್ಟರೇನಂತೆ? ಮುಚ್ಚಿಡುವಂಥದು ನಮ್ಮಲ್ಲೇನಿದೆ? ತಪ್ಪು ಮಾಡಿದವನು ಹೆದರಬೇಕು." ಕೇಳುವುದಕ್ಕೆ ಇದು ಪ್ರಾಮಾಣಿಕನ ಮಾತಿನಂತೆಯೇ ಇದೆ. ಆದರೆ ಈ ಮಾತಿನಲ್ಲಿ ಒಂದು ದೊಡ್ಡ ದೋಷವುಂಟು. ಪತ್ರಿಕೆಗಳು ಇದನ್ನು 'ಗೋಪ್ಯತೆಯ ಹಕ್ಕು' ಎಂದು ಬರೆಯುವುದೂ ಆ ದೋಷಕ್ಕೆ ಸ್ವಲ್ಪಮಟ್ಟಿಗೆ ಕಾರಣವಿರಬಹುದು. ಗೋಪ್ಯವೆಂದರೆ ಬಚ್ಚಿಟ್ಟದ್ದು, ಖಾಸಗಿಯೆಂದರೆ ತನ್ನ ಸ್ವಂತದ್ದು. ಬಾಗಿಲು ಹಾಕಿಕೊಂಡು ಸ್ನಾನ ಮಾಡುವವನು ಏನನ್ನೂ ಬಚ್ಚಿಡುತ್ತಿಲ್ಲ. ಆದುದರಿಂದ ಈ ಲೇಖಕನಿಗೆ 'ಖಾಸಗಿತನ' ಎಂಬ ಮಾತೇ ಮೇಲೆಂದು ತೋರುತ್ತದೆ.

ತಪ್ಪು ಮಾಡದವನಿಗೂ ಈ ಹಕ್ಕು ಏಕೆ ಬೇಕೆಂಬುದನ್ನು ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನ ಮೊಕದ್ದಮೆಯು ಚೆನ್ನಾಗಿ ತಿಳಿಸುತ್ತದೆ. 1941ರಲ್ಲಿ ಆತನ ಮೇಲೆ ದರೋಡೆಯ ಆರೋಪ ಬಂದಿತು. ಸಾಕ್ಷ್ಯ ದೊರೆಯದೆ ಆತನನ್ನು ಬಿಟ್ಟುಬಿಟ್ಟರು. ಅಲ್ಲಿಗೆ ಸಂಗತಿ ಮುಗಿಯಬೇಕಾಗಿತ್ತು. ಆದರೆ ಪೊಲೀಸರು ಆತನ ಹೆಸರಿನಲ್ಲಿ ಒಂದು ಚರಿತ್ರೆಯ ಕಡತವನ್ನು ತೆರೆದು, ಆತನ ಮೇಲೆ ಕಣ್ಣಿಟ್ಟರು. ಊರಿನ ಚೌಕಿದಾರನೂ ಕೆಲವೊಮ್ಮೆ ಪೊಲೀಸ್ ಪೇದೆಗಳೂ ರಾತ್ರಿಯಲ್ಲಿ ಮನೆಗೆ ಬಂದು ಬಾಗಿಲು ಬಡಿದು, ಕೂಗಿ ನಿದ್ದೆಯಿಂದ ಎಬ್ಬಿಸುತ್ತಿದ್ದರೆಂದೂ, ಹಲವು ಸಲ ಎಬ್ಬಿಸಿ ಠಾಣೆಗೆ ಕರೆದೊಯ್ದರೆಂದೂ, ಪರವೂರಿಗೆ ಹೋಗಬೇಕಾದರೆ ಮೊದಲೇ ವರದಿ ಒಪ್ಪಿಸಬೇಕಾಗಿತ್ತೆಂದೂ ಆತನು ಸರ್ವೋಚ್ಚ ನ್ಯಾಯಾಲಯದಲ್ಲಿ ದೂರಿಕೊಂಡನು. ಯಾವ ನ್ಯಾಯಾಲಯವೂ ಆತನನ್ನು ಆ ದರೋಡೆಯ ಅಪರಾಧಿಯೆಂದು ಹೇಳಿರಲಿಲ್ಲವೆಂಬುದನ್ನು ಇಲ್ಲಿ ನೆನಪಿಡಬೇಕು. ಮುಚ್ಚಿಡುವಂಥದು ಏನೂ ಇಲ್ಲದವನ ಬಾಗಿಲನ್ನೂ ನಡುರಾತ್ರಿಯಲ್ಲಿ ಬಡಿಯಬಹುದು. ಬಡಿಯುವವನಿಗೆ ಬೇಕಾದುದು ಸಂಶಯವೇ ಹೊರತು ಸಾಕ್ಷ್ಯವಲ್ಲ.

1962ರ ಡಿಸೆಂಬರಿನಲ್ಲಿ ಆರು ಮಂದಿ ನ್ಯಾಯಮೂರ್ತಿಗಳ ಪೀಠವು ತೀರ್ಪನ್ನಿತ್ತಿತು. ರಾತ್ರಿಯ ಹೊತ್ತು ಮನೆಗೆ ನುಗ್ಗುವುದು ಸಂವಿಧಾನಕ್ಕೆ ವಿರುದ್ಧವೆಂದು ಆರು ಮಂದಿಯೂ ಒಪ್ಪಿದರು. ಆದರೆ ಅವರಲ್ಲಿ ನಾಲ್ವರು, ಖಾಸಗಿತನವು ನಮ್ಮ ಸಂವಿಧಾನವು ಕೊಟ್ಟಿರುವ ಹಕ್ಕಲ್ಲವೆಂದು ಹೇಳಿ, ಉಳಿದ ಬಗೆಯ ಕಾವಲನ್ನು ಹಾಗೆಯೇ ಬಿಟ್ಟರು. ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರು ಇದನ್ನು ಒಪ್ಪಲಿಲ್ಲ, ನ್ಯಾಯಮೂರ್ತಿ ಜೆ. ಸಿ. ಶಾ ಅವರೂ ಅವರೊಡನೆ ಸೇರಿದರು. ಸಂವಿಧಾನದಲ್ಲಿ ಖಾಸಗಿತನವೆಂಬ ಪದವಿಲ್ಲದಿದ್ದರೂ ವ್ಯಕ್ತಿಸ್ವಾತಂತ್ರ್ಯದಲ್ಲಿ ಅದು ಅಡಕವಾಗಿದೆಯೆಂಬುದು ಅವರ ನಿಲುವು. ತನ್ನನ್ನು ಸದಾ ಯಾರೋ ನೋಡುತ್ತಿದ್ದಾರೆಂಬ ಅರಿವಿನಲ್ಲಿ ಬದುಕುವವನು, ಕೈಕಾಲುಗಳಿಗೆ ಬೇಡಿಯಿಲ್ಲದಿದ್ದರೂ ಸ್ವತಂತ್ರನಲ್ಲವೆಂದು ಅವರು ಕಂಡುಕೊಂಡರು. ಅಂದು ಅದು ಅಲ್ಪಮತದ ತೀರ್ಪಾಯಿತು. ಅಲ್ಪಮತದ ತೀರ್ಪಿಗೆ ಆ ದಿನ ಯಾವ ಬಲವೂ ಇರುವುದಿಲ್ಲ. ಆದರೆ ಅದು ಪುಸ್ತಕದಲ್ಲಿ ಉಳಿದಿರುತ್ತದೆ.

ಇಲ್ಲಿ ನ್ಯಾಯಾಲಯದ ಒಂದು ಕ್ರಮವನ್ನು ತಿಳಿದಿರುವುದು ಅವಶ್ಯಕ. ದೊಡ್ಡ ಪೀಠವು ಹೇಳಿದ ಮಾತನ್ನು ಚಿಕ್ಕ ಪೀಠವು ಅಳಿಸಲಾರದು. ಶೋಧನೆ ಮತ್ತು ಜಪ್ತಿಗೆ ಸಂಬಂಧಿಸಿದ ಒಂದು ಮೊಕದ್ದಮೆಯಲ್ಲಿ, 1954ರಲ್ಲಿಯೇ ಎಂಟು ಮಂದಿಯ ಪೀಠವೊಂದು ಖಾಸಗಿತನದ ಹಕ್ಕಿಗೆ ನಮ್ಮ ಸಂವಿಧಾನದಲ್ಲಿ ಎಡೆಯಿಲ್ಲವೆಂಬ ಅರ್ಥದ ಮಾತನ್ನಾಡಿತ್ತು. ಅದರ ಮೇಲೆ 1962ರ ಆರು ಮಂದಿಯ ತೀರ್ಪು. ಅನಂತರ ಬಂದ ಚಿಕ್ಕ ಪೀಠಗಳು ಬೇರೆಯ ದಾರಿಯನ್ನು ಹಿಡಿದವು. 1996ರಲ್ಲಿ ದೂರವಾಣಿಯ ಮಾತುಕತೆಗಳನ್ನು ಸರಕಾರವು ಕದ್ದಾಲಿಸುವ ಪ್ರಶ್ನೆ ಬಂದಾಗ, ಮನೆಯಲ್ಲಿಯೋ ಕಚೇರಿಯಲ್ಲಿಯೋ ಕುಳಿತು ಆಡುವ ಫೋನಿನ ಮಾತು ಖಾಸಗಿತನಕ್ಕೆ ಸೇರಿದುದೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. ಗೃಹ ಕಾರ್ಯದರ್ಶಿಯ ಆಜ್ಞೆಯಿಲ್ಲದೆ ಸಾಮಾನ್ಯವಾಗಿ ಯಾರೂ ಕದ್ದಾಲಿಸಕೂಡದು, ಆ ಆಜ್ಞೆಯು ಎರಡು ತಿಂಗಳು ಮಾತ್ರ ನಡೆಯತಕ್ಕದ್ದು, ಮುಂದುವರಿಸಿದರೂ ಆರು ತಿಂಗಳನ್ನು ಮೀರಕೂಡದು ಎಂದು ಕಟ್ಟಳೆ ಮಾಡಿತು. ಹೀಗಿದ್ದರೂ ಆ ಎಂಟು ಮಂದಿಯ ಮಾತು ಮೇಲೆ ಕುಳಿತೇ ಇತ್ತು.

ಅದನ್ನು ಇಳಿಸಲು ಕಾರಣರಾದವರು ಕನ್ನಡನಾಡಿನ ಒಬ್ಬ ವೃದ್ಧರು. ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 1977ರಿಂದ 1986ರವರೆಗೆ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದು, ನಿವೃತ್ತರಾಗಿ ಬೆಂಗಳೂರಿನಲ್ಲಿ ನೆಲೆಸಿದ್ದರು. ಆ ವೇಳೆಗೆ ಆಧಾರ್ ಯೋಜನೆಯು ಆರಂಭವಾಗಿ, ಜನರ ಬೆರಳಚ್ಚು ಮತ್ತು ಕಣ್ಣುಪಾಪೆಯ ಗುರುತುಗಳನ್ನು ಸಂಗ್ರಹಿಸಲಾಗುತ್ತಿತ್ತು. ಅದಕ್ಕೆಂದು ಸಂಸತ್ತಿನ ಮುಂದೆ ತಂದ ಮಸೂದೆಯನ್ನು 2011ರಲ್ಲಿ ಸ್ಥಾಯೀ ಸಮಿತಿಯು ಒಪ್ಪಿರಲಿಲ್ಲ. ಆದರೂ ಸರಕಾರದ ಆಜ್ಞೆಯ ಬಲದಿಂದಲೇ ಕೆಲಸವು ಮುಂದುವರಿದಿತ್ತು. ಕಾನೂನಿಲ್ಲದೆ ಪ್ರಜೆಯ ಮೈಗುರುತನ್ನು ಪಡೆಯುವುದು ಹೇಗೆ ನ್ಯಾಯವೆಂದು ಕೇಳಿ, 2012ರಲ್ಲಿ ತಮ್ಮ 86ನೆಯ ವಯಸ್ಸಿನಲ್ಲಿ ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. 2015ರಲ್ಲಿ ವಾದ ನಡೆಯುತ್ತಿರಲು, ಸರಕಾರದ ಪರವಾಗಿ ಹಳೆಯ ಎರಡು ತೀರ್ಪುಗಳನ್ನು ಮುಂದಿಟ್ಟು, ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆಂದು ಹೇಳಲಾಯಿತು. ಎಂಟನ್ನು ಮೀರಿಸಲು ಒಂಬತ್ತು ಬೇಕಷ್ಟೆ? 2017ರ ಜುಲೈನಲ್ಲಿ ಒಂಬತ್ತು ಮಂದಿಯ ಪೀಠವು ಕುಳಿತಿತು. ಅವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಅವರು ದಕ್ಷಿಣ ಕನ್ನಡದವರು. ಅದೇ ವರ್ಷದ ಆಗಸ್ಟ್ 24ರಂದು ಒಂಬತ್ತು ಮಂದಿಯೂ ಏಕಾಭಿಪ್ರಾಯದಿಂದ, ಖಾಸಗಿತನವು ಮೂಲಭೂತ ಹಕ್ಕು, ಅದು 21ನೆಯ ವಿಧಿಯ ಜೀವಿಸುವ ಹಕ್ಕು ಮತ್ತು ವ್ಯಕ್ತಿಸ್ವಾತಂತ್ರ್ಯದೊಳಗೇ ಇದೆ ಎಂದು ಸಾರಿದರು. ಐವತ್ತೈದು ವರ್ಷಗಳ ಹಿಂದೆ ಸುಬ್ಬರಾವ್ ಅವರು ಒಪ್ಪದೆ ಬರೆದ ಮಾತು ದೇಶದ ಕಾನೂನಾಯಿತು.

ಹಾಗೆಂದು ಯಾರೂ ಯಾವ ವಿವರವನ್ನೂ ಕೊಡಬೇಕಾಗಿಲ್ಲವೆಂದು ಇದರ ಅರ್ಥವಲ್ಲ. ಆದಾಯ ತೆರಿಗೆಯವರಿಗೆ ವರಮಾನವನ್ನು ಹೇಳಲೇಬೇಕು. ಸಾಂಕ್ರಾಮಿಕ ರೋಗದ ಕಾಲದಲ್ಲಿ ಆರೋಗ್ಯಾಧಿಕಾರಿಗೆ ಕಾಯಿಲೆಯನ್ನು ತಿಳಿಸಲೇಬೇಕು. ಸರಕಾರವು ಈ ಹಕ್ಕಿನೊಳಗೆ ಕಾಲಿಡುವಾಗ, ಅದಕ್ಕೆ ಕಾನೂನಿನ ಆಧಾರವಿದೆಯೆ, ಉದ್ದೇಶವು ನ್ಯಾಯವಾದುದೆ, ಆ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟನ್ನೇ ಮಾಡುತ್ತಿದೆಯೆ ಎಂದು ನೋಡಬೇಕೆಂದು ತೀರ್ಪು ಹೇಳಿತು. ಈ ಒರೆಗಲ್ಲಿಗೆ ಖರಕ್ ಸಿಂಗನ ಸಂಗತಿಯನ್ನು ಹಚ್ಚಿ ನೋಡಿರಿ. ಪೊಲೀಸರು ಅನುಸರಿಸಿದ್ದು ಇಲಾಖೆಯ ನಿಯಮಗಳನ್ನು. ಅವುಗಳ ಹಿಂದೆ ಶಾಸನದ ಆಧಾರವಿರಲಿಲ್ಲವೆಂದು 1962ರ ನ್ಯಾಯಾಲಯವೇ ಗುರುತಿಸಿತ್ತು. ಅಪರಾಧವನ್ನು ತಡೆಯುವುದು ಒಳ್ಳೆಯ ಉದ್ದೇಶವೇ ಸರಿ. ಆದರೆ ಸಾಕ್ಷ್ಯವಿಲ್ಲದೆ ಬಿಟ್ಟವನ ನಿದ್ದೆಯನ್ನು ಕೆಡಿಸುವುದು ಆ ಉದ್ದೇಶಕ್ಕೆ ಬೇಕಾದಷ್ಟೇ ಆಯಿತೆಂದು ಯಾರು ಹೇಳಬಲ್ಲರು?

ಪುಟ್ಟಸ್ವಾಮಿಯವರು ಯಾವುದನ್ನು ವಿರೋಧಿಸಿ ಹೊರಟಿದ್ದರೋ ಆ ಆಧಾರ್ ಮಾತ್ರ ಉಳಿಯಿತು. 2016ರಲ್ಲಿ ಅದಕ್ಕೊಂದು ಕಾನೂನಾಯಿತು. 2018ರ ಸೆಪ್ಟೆಂಬರಿನಲ್ಲಿ ಐವರ ಪೀಠದಲ್ಲಿ ನಾಲ್ವರು ಅದನ್ನು ಎತ್ತಿಹಿಡಿದರು. ಆದರೆ ಅದನ್ನು ಬ್ಯಾಂಕಿನ ಖಾತೆಗಾಗಲಿ, ಮೊಬೈಲ್ ಸಂಪರ್ಕಕ್ಕಾಗಲಿ, ಶಾಲೆಯ ಪ್ರವೇಶಕ್ಕಾಗಲಿ ಕಡ್ಡಾಯ ಮಾಡಲಾಗದೆಂದು ಅದೇ ತೀರ್ಪು ಹೇಳಿತು. ಅರ್ಜಿಯ ಅರ್ಧ ಸೋತಿತು. ಆ ದಾರಿಯಲ್ಲಿ ಅದಕ್ಕಿಂತ ದೊಡ್ಡ ಹಕ್ಕೊಂದು ದೊರಕಿತು. ಅವರು 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಇಷ್ಟು ಹೊತ್ತು ನಾವು ಸರಕಾರದ ಕಡೆಗೆ ನೋಡಿದೆವು. ಆದರೆ ಇಂದು ನಮ್ಮ ಹೊಸ್ತಿಲಿಗೆ ಹೆಚ್ಚಾಗಿ ಬರುವವರು ವ್ಯಾಪಾರಿಗಳು. ಒಂದು ಅಂಗಿಯನ್ನು ಕೊಂಡು ಹಣ ಕೊಡಲು ನಿಂತರೆ, "ನಿಮ್ಮ ನಂಬರ್ ಹೇಳಿ" ಎನ್ನುತ್ತಾರೆ. ಹಿಂದೆ ನಿಂತವರಿಗೆ ಅವಸರ. ನಾವು ಹತ್ತು ಅಂಕಿಗಳನ್ನು ಎಲ್ಲರಿಗೂ ಕೇಳುವಂತೆ ಒಪ್ಪಿಸುತ್ತೇವೆ. ಬಟ್ಟೆಯಂಗಡಿಗೂ ಔಷಧಿಯಂಗಡಿಗೂ ಊಟವನ್ನು ಮನೆಗೆ ತಂದುಕೊಡುವವರಿಗೂ ಕೊಟ್ಟ ಸಂಖ್ಯೆ ಒಂದೇ. ಒಬ್ಬನು ಯಾವ ಮಾತ್ರೆಯನ್ನು ನುಂಗುತ್ತಾನೆ, ಏನನ್ನು ತಿನ್ನುತ್ತಾನೆ, ಯಾವ ಬಡಾವಣೆಯಲ್ಲಿದ್ದಾನೆ ಎಂಬ ಸಂಗತಿಗಳು ಬಿಡಿಯಾಗಿದ್ದಾಗ ಬಿಡಿ ಹೂಗಳಂತೆ. ಅವುಗಳಿಂದ ಹೆಚ್ಚೇನೂ ತಿಳಿಯದು. ಫೋನಿನ ಸಂಖ್ಯೆಯು ದಾರದಂತೆ ಅವುಗಳನ್ನೆಲ್ಲ ಕಟ್ಟಿಬಿಡುತ್ತದೆ. ಆಗ ಮನೆಯವರಿಗೂ ತಿಳಿಯದ ಮನುಷ್ಯನೊಬ್ಬನು ಅಪರಿಚಿತನ ಲೆಕ್ಕದಲ್ಲಿ ಮೂಡಿ ನಿಲ್ಲುತ್ತಾನೆ.

ಬಿಲ್ಲು ಕೊಡುವುದಕ್ಕೆ ಗ್ರಾಹಕನ ಮೊಬೈಲ್ ಸಂಖ್ಯೆಗಾಗಿ ಒತ್ತಾಯಿಸಕೂಡದೆಂದು 2023ರ ಮೇ ತಿಂಗಳಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ಚಿಲ್ಲರೆ ವ್ಯಾಪಾರಿಗಳಿಗೆ ಸಲಹೆಯನ್ನಿತ್ತಿತು. ಸಲಹೆಯೆಂದರೆ ಸಲಹೆಯೇ, ಅದರಿಂದ ಕೇಳುವುದು ನಿಂತಿತೆಂದು ಹೇಳುವಂತಿಲ್ಲ. ಆದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಲ್ಲಿ ಇದಕ್ಕಿಂತ ಗಟ್ಟಿಯಾದ ಮಾತಿದೆ. ಗ್ರಾಹಕನು ನಂಬಿ ಹೇಳಿದ ಸ್ವಂತ ವಿವರವನ್ನು, ಕಾನೂನಿನ ಅನುಮತಿಯಿಲ್ಲದೆ ಮತ್ತೊಬ್ಬರಿಗೆ ತಿಳಿಸುವುದು ಅನುಚಿತ ವ್ಯಾಪಾರ ಪದ್ಧತಿಯೆಂದು ಅದು ಎಣಿಸುತ್ತದೆ. ತೂಕದಲ್ಲಿ ಮೋಸ ಮಾಡಿದವನ ಮೇಲೆ ಹೇಗೋ ಹಾಗೆಯೇ ಇವನ ಮೇಲೆಯೂ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. 1915 ಎಂಬ ಸಂಖ್ಯೆಗೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ದಾರಿ ತೋರಿಸುತ್ತಾರೆ.

ಅಂಗಡಿಯವನು ಬಾಯಿಬಿಟ್ಟು ಕೇಳುತ್ತಾನೆ. ಫೋನಿನೊಳಗಿನ ಆ್ಯಪ್‌ಗಳು ಯಾವಾಗಲೂ ಹಾಗೆ ಕೇಳುವುದಿಲ್ಲ. ಅಮೆರಿಕದಲ್ಲಿ, ಫೋನನ್ನು ಟಾರ್ಚಿನಂತೆ ಬೆಳಗಿಸುವ ಆ್ಯಪ್ ಒಂದನ್ನು ಕೋಟ್ಯಂತರ ಸಲ ಫೋನುಗಳಿಗೆ ಇಳಿಸಿಕೊಳ್ಳಲಾಗಿತ್ತು. ಅದು ಫೋನು ಇರುವ ಸ್ಥಳವನ್ನು ಜಾಹೀರಾತಿನವರಿಗೆ ಕಳುಹಿಸುತ್ತಿದೆಯೆಂದು 2013ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ಷರತ್ತುಗಳನ್ನು ಒಪ್ಪುವಿರಾ, ನಿರಾಕರಿಸುವಿರಾ ಎಂದು ಅದು ಬಳಸುವವರನ್ನು ಕೇಳುತ್ತಿತ್ತೇನೋ ನಿಜ. ಆದರೆ ಅವರು ಉತ್ತರಿಸುವ ಮೊದಲೇ ವಿವರವು ಹೊರಟುಹೋಗಿರುತ್ತಿತ್ತು. ಹೊರಗೆ ನಿಂತು ಕೆಮ್ಮುವವನು ಆಗಲೇ ಅಡಿಗೆಮನೆಯಲ್ಲಿದ್ದಂತಾಯಿತು! ಇನ್ನು, ಫೋನಿನಲ್ಲಿರುವ ಹೆಸರುಗಳ ಪಟ್ಟಿಯನ್ನು ನೋಡಲು ಒಂದು ಆ್ಯಪ್‌ಗೆ ನೀವು ಅನುಮತಿಯಿತ್ತರೆ, ನೀವು ಕೊಟ್ಟದ್ದು ನಿಮ್ಮ ವಿವರವನ್ನಲ್ಲ. ಸೋದರಮಾವನದು, ಗೆಳತಿಯದು, ಪಾಠ ಹೇಳುವ ಮೇಷ್ಟರದು. ಅವರನ್ನು ಯಾರೂ ಕೇಳಲಿಲ್ಲ.

ಇಂಥ ಕೊಡುಕೊಳ್ಳುವಿಕೆಗೆ ಕಟ್ಟು ಹಾಕಲು 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವನ್ನು ಮಾಡಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು. ಮುಖ್ಯ ಕರ್ತವ್ಯಗಳ ಪಾಲನೆಗೆ ಸಂಸ್ಥೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶವನ್ನು ಕೊಡಲಾಯಿತು. ವಿವರವನ್ನು ಕೇಳುವವರು ಅದು ಏತಕ್ಕೆಂದು ತಿಳಿಸಿ ಒಪ್ಪಿಗೆಯನ್ನು ಪಡೆಯಬೇಕು. ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು. ಕಾಪಾಡಬೇಕಾದವರು ತಪ್ಪಿದರೆ ದಂಡವು 250 ಕೋಟಿ ರೂಪಾಯಿಗಳವರೆಗೂ ಹೋಗಬಹುದು. ಹದಿನೆಂಟು ವರ್ಷ ತುಂಬದವರ, ಅಂದರೆ ನಿಮ್ಮಂಥವರ ವಿವರಗಳಿಗೆ ತಂದೆತಾಯಿಗಳ ಒಪ್ಪಿಗೆ ಬೇಕು. ಕಾನೂನಿನ ಬಗೆಗೆ ಆಕ್ಷೇಪಗಳೂ ಇವೆ. ಸರಕಾರದ ಅಂಗಗಳಿಗೆ ಅದು ಧಾರಾಳವಾಗಿ ವಿನಾಯಿತಿಯನ್ನು ಕೊಡುತ್ತದೆಯೆಂಬುದು ಒಂದು. 2005ರ ಮಾಹಿತಿ ಹಕ್ಕಿನ ಅಧಿನಿಯಮವನ್ನು ಅದು ಬಿಗಿಗೊಳಿಸಿ, ಅಧಿಕಾರಿಗಳ ಲೆಕ್ಕವನ್ನು ಪ್ರಜೆಗಳು ಕೇಳುವುದಕ್ಕೆ ಅಡ್ಡಿ ತಂದಿದೆಯೆಂಬುದು ಇನ್ನೊಂದು. ಈ ಆಕ್ಷೇಪಗಳಲ್ಲಿ ಹುರುಳಿದೆಯೆಂದೇ ಈ ಲೇಖಕನ ಎಣಿಕೆ. ಖಾಸಗಿತನವೆಂಬುದು ಪ್ರಜೆಗೆ ಇರುವ ಬಾಗಿಲು. ಅದು ಕಚೇರಿಯ ಬೀರುವಿಗೆ ಹಾಕುವ ಬೀಗವಾಗಬಾರದು.

ಒಪ್ಪಿಗೆಯನ್ನು ಕೇಳುವ ಆ ಸೂಚನೆಯು ಇಂಗ್ಲಿಷಿನಲ್ಲಿಯೇ ಇರಬೇಕಾಗಿಲ್ಲವೆಂದು ಈ ಕಾನೂನು ಹೇಳಿದೆ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ 22 ಭಾಷೆಗಳಲ್ಲಿ ಯಾವುದರಲ್ಲಿಯಾದರೂ ಅದನ್ನು ಓದುವ ಅನುಕೂಲವನ್ನು ಒದಗಿಸಬೇಕು. ಕನ್ನಡವೂ ಆ ಪಟ್ಟಿಯಲ್ಲಿದೆ.