ಹೃದಯ ಸೋತ ತಾಯಂದಿರ ಎಲುಬಿನ ಆರೈಕೆ

ಮುಂಡಗೋಡ ತಾಲೂಕಿನ ಪಾಳಾದಂತಹ ಊರಿನ ತಾಯಿಯೊಬ್ಬಳಿಗೆ ಮಧುಮೇಹವಿದ್ದರೆ ಹತ್ತಿರದ ವೈದ್ಯರು ನೋಡುತ್ತಾರೆ. ಹೃದಯ ದುರ್ಬಲವಾಗಿ ಕಾಲು ಬಾತರೆ ಹುಬ್ಬಳ್ಳಿಗೆ ಕರೆದೊಯ್ಯುತ್ತಾರೆ. ಆಕೆಯ ಎಲುಬಿನ ವಿಚಾರ ಮಾತ್ರ ಮನೆಯವರಿಗೆ ನೆನಪಾಗುವುದು ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದ ದಿನವೇ.

ಮುಟ್ಟು ನಿಂತ ಮೇಲೆ ಸ್ತ್ರೀಯರ ಎಲುಬು ಟೊಳ್ಳಾಗತೊಡಗುವುದು ಬಹುಜನರಿಗೆ ತಿಳಿದ ಸಂಗತಿ. ಮಧುಮೇಹದ ಕಥೆ ಇನ್ನೂ ವಿಚಿತ್ರವಾದುದು. ಸಾಮಾನ್ಯ ಬಗೆಯ ಮಧುಮೇಹವಿರುವವರ ಎಲುಬಿನ ಸಾಂದ್ರತೆ ಪರೀಕ್ಷೆಯಲ್ಲಿ ಅನೇಕ ವೇಳೆ ಸರಿಯಾಗಿಯೇ ಕಾಣುತ್ತದೆ. ಆದರೂ ಎಲುಬು ಮುರಿಯುತ್ತದೆ. ವರ್ಷಗಟ್ಟಲೆ ರಕ್ತದಲ್ಲಿ ಏರಿದ ಸಕ್ಕರೆಯು ಎಲುಬಿನೊಳಗಿನ ಸಸಾರಜನಕದ ಎಳೆಗಳಿಗೆ ಅಂಟಿ, ಅವುಗಳ ಬಾಗುವ ಗುಣವನ್ನು ಕೆಡಿಸುವುದು ಇದಕ್ಕೊಂದು ಕಾರಣ. ಆದುದರಿಂದ 'ವರದಿ ಚೆನ್ನಾಗಿದೆ' ಎಂದು ನಿಶ್ಚಿಂತರಾಗಲಾಗದು.

ಹೃದಯ ಸೋತವರು ನಡೆಯುವುದು ಕಡಿಮೆ, ಬಿಸಿಲು ಕಾಣುವುದು ಇನ್ನೂ ಕಡಿಮೆ. ನೀರಿಳಿಸಲು ಕೊಡುವ ಫ್ಯುರೋಸೆಮೈಡ್ ಮಾತ್ರೆಯು ಮೂತ್ರದೊಡನೆ ಸುಣ್ಣದಂಶವನ್ನೂ ಹೊರಹಾಕುತ್ತದೆ. ಕೆನಡಾದಲ್ಲಿ 16,294 ಹೃದ್ರೋಗಿಗಳನ್ನು ಕುರಿತ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಹೃದಯ ವೈಫಲ್ಯವಿದ್ದವರು ಎಲುಬು ಮುರಿದು ಆಸ್ಪತ್ರೆ ಸೇರುವ ಸಂಭವ ಇತರ ಹೃದ್ರೋಗಿಗಳಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚೆಂದು ಅದರಲ್ಲಿ ಕಂಡುಬಂದಿತು.

ಇಲ್ಲಿ ಒಂದು ಔಷಧದ ಹೆಸರನ್ನು ಹೇಳಲೇಬೇಕು. ಮಧುಮೇಹಕ್ಕೆ ಕೊಡುವ ಪಿಯೋಗ್ಲಿಟಜೋನ್ ದೇಹದಲ್ಲಿ ನೀರು ನಿಲ್ಲಿಸಿ ಹೃದಯ ವೈಫಲ್ಯವನ್ನು ಉಲ್ಬಣಿಸುತ್ತದೆ. ಸ್ತ್ರೀಯರಲ್ಲಿ ಎಲುಬು ಮುರಿತವನ್ನೂ ಹೆಚ್ಚಿಸುತ್ತದೆ. ಭಾರತದಲ್ಲಿ 2013ರಲ್ಲಿ ಕೆಲಕಾಲ ತಡೆಹಿಡಿದು ಮತ್ತೆ ಬಿಡುಗಡೆ ಮಾಡಿದ ಈ ಔಷಧವು ಹಲವು ಕೂಡುಮಾತ್ರೆಗಳಲ್ಲಿ ಬೇರೆ ಬೇರೆ ಹೆಸರಿನಿಂದ ಸೇರಿರುತ್ತದೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಹಾಕಿ ವೈದ್ಯರ ಮುಂದಿಡಿ. ತಾವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಎಲುಬು ಎಷ್ಟೇ ದುರ್ಬಲವಿರಲಿ, ಅದು ಮುರಿಯುವುದು ಹೆಚ್ಚಾಗಿ ಬಿದ್ದಾಗ. ನೀರಿಳಿಸುವ ಮಾತ್ರೆಯನ್ನು ಸಂಜೆ ನುಂಗಿದರೆ ನಡುರಾತ್ರಿ ಎದ್ದು ಹಿತ್ತಲಿಗೆ ಹೋಗಬೇಕಾಗುತ್ತದೆ. ಬೆಳಿಗ್ಗೆಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿರಿ. ನಸುಕಿನ ಸ್ನಾನಕ್ಕೆ ಮುನ್ನ ಬಚ್ಚಲಲ್ಲಿ ದೀಪವಿರಲಿ, ಗೋಡೆಗೊಂದು ಹಿಡಿಕೆ ಇರಲಿ. ನೆಲದ ಮೇಲೆ ಕುಳಿತು ಲಿಂಗಪೂಜೆ ಮುಗಿಸಿ ಥಟ್ಟನೆ ಎದ್ದಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಡುವುದುಂಟು. ಕುರ್ಚಿಯಲ್ಲಿ ಕುಳಿತು ಪೂಜಿಸಿದರೆ ಭಕ್ತಿಗೇನೂ ಊನವಾಗದು.

ಮುಟ್ಟು ನಿಂತವರಿಗೆ ದಿನಕ್ಕೆ 1,200 ಮಿಲಿಗ್ರಾಂ ಸುಣ್ಣದಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ತಿಳಿಸಿದೆ. ನಮ್ಮದು ಭತ್ತದ ಸೀಮೆ. ನೂರು ಗ್ರಾಂ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಂ ಕೂಡ ಇಲ್ಲ, ರಾಗಿಯಲ್ಲಿಯಾದರೋ 364. ರಾಗಿಯೂ ಸಕ್ಕರೆಯನ್ನು ಏರಿಸುತ್ತದಾದ್ದರಿಂದ ಅನ್ನದ ಜೊತೆಗಲ್ಲ, ಅನ್ನದ ಬದಲಿಗೆ ಉಣ್ಣಬೇಕು. ಮಜ್ಜಿಗೆ ಉಪ್ಪಿಲ್ಲದಿರಲಿ, ವೈದ್ಯರು ವಿಧಿಸಿದ ದಿನದ ನೀರಿನ ಲೆಕ್ಕದಲ್ಲಿ ಅದೂ ಸೇರಲಿ. ಸುಣ್ಣದ ಮಾತ್ರೆಯನ್ನಾಗಲಿ, ವಾರಕ್ಕೊಮ್ಮೆ ನುಂಗುವ ಅಲೆಂಡ್ರೋನೇಟ್‌ನಂತಹ ಎಲುಬಿನ ಔಷಧವನ್ನಾಗಲಿ ಮೂತ್ರಪಿಂಡದ ಪರೀಕ್ಷೆಯಾದ ನಂತರವೇ ಆರಂಭಿಸತಕ್ಕದ್ದು. ಈ ಎರಡು ಕಾಯಿಲೆಗಳಿರುವವರಲ್ಲಿ ಮೂತ್ರಪಿಂಡವೂ ಅನೇಕ ವೇಳೆ ಬಳಲಿರುತ್ತದೆ.