ಬಾಣಂತನದ ಮಧ್ಯೆ ಒಂದು ಕಣ್ಣಿನ ಪರೀಕ್ಷೆ

ನಾನು ಓದಿದ್ದು ಬಿಕಾಂ, ಡಾಕ್ಟರ್ ಅಲ್ಲ. ಇವತ್ತಿನ ಎಪಿಸೋಡನ್ನ ಒಬ್ಬ ಸೋದರಮಾವನ ಮಾತು ಅಂತ ಕೇಳಿ.

ನಮ್ಮಕ್ಕನ ಮಗು ಹುಟ್ಟಿದ್ದು 32 ವಾರಕ್ಕೆ, ತೂಕ ಒಂದೂವರೆ ಕೆಜಿ. ಎನ್‌ಐಸಿಯುನಿಂದ ಮನೆಗೆ ಬಂದಾಗ ಡಿಸ್ಚಾರ್ಜ್ ಚೀಟಿಯಲ್ಲಿ ‘ಆರ್‌ಒಪಿ ಸ್ಕ್ರೀನಿಂಗ್’ ಅಂತ ಒಂದು ಸಾಲಿತ್ತು. ಯಾರೂ ಬಿಡಿಸಿ ಹೇಳಿರಲಿಲ್ಲ. ಅಜ್ಜಿ, “ಹಸುಗೂಸನ್ನ ಈಗಲೇ ಹೊರಗೆ ಕರ್ಕೊಂಡು ಹೋಗ್ತಾರೇನೋ?” ಅಂದ್ರು. ನಾವೂ ಸುಮ್ಮನಾದ್ವಿ. 28ನೇ ದಿನ ಮನೆಗೆ ಬಂದ ಆಶಾ ಕಾರ್ಯಕರ್ತೆ ಚೀಟಿ ನೋಡಿ, “ಇನ್ನೂ ತೋರಿಸಿಲ್ವಾ?” ಅಂತ ಗದರಿದ್ರು. ಮಾರನೇ ದಿನವೇ ಹೊರಟ್ವಿ.

ಏನಿದು ಆರ್‌ಒಪಿ? ಕಣ್ಣಿನ ಒಳಪದರ ರೆಟಿನಾದಲ್ಲಿ ರಕ್ತನಾಳಗಳು ಬಸುರಿನ ನಾಲ್ಕನೇ ತಿಂಗಳ ಹೊತ್ತಿಗೆ ಬೆಳೆಯಲು ಶುರುವಾಗಿ, ದಿನ ತುಂಬುವ ಹೊತ್ತಿಗೆ ಅಂಚು ತಲುಪುತ್ತವೆ. ಮಗು ಬೇಗ ಹುಟ್ಟಿದರೆ ಆ ಬೆಳವಣಿಗೆ ಅರ್ಧಕ್ಕೇ ನಿಲ್ಲಬಹುದು. ಆಮೇಲೆ ನಾಳಗಳು ಅಡ್ಡಾದಿಡ್ಡಿ ಬೆಳೆದು ರೆಟಿನಾವನ್ನೇ ಎಳೆದು ಕಿತ್ತುಬಿಡಬಹುದು. ಹೊರಗಿನಿಂದ ನೋಡಿದ್ರೆ ಏನೂ ಗೊತ್ತಾಗಲ್ಲ.

ಹಾಗಾದ್ರೆ ಯಾವ ಮಗುವಿಗೆ ವಾಸಿಯಾಗುತ್ತೆ, ಯಾವುದಕ್ಕೆ ಕಷ್ಟ?

ಮೊದಲನೆಯದು, ಎಷ್ಟು ಬೇಗ ಹುಟ್ಟಿತು, ತೂಕ ಎಷ್ಟು ಅನ್ನೋದು. ಸೋಂಕು, ತೂಕ ಸರಿಯಾಗಿ ಏರದಿರುವುದು, ಹದ ತಪ್ಪಿ ಕೊಟ್ಟ ಆಮ್ಲಜನಕ, ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಅಮೆರಿಕದ ಗಾಯಕ ಸ್ಟೀವಿ ವಂಡರ್ 1950ರಲ್ಲಿ ಅವಧಿಗೆ ಮುಂಚೆ ಹುಟ್ಟಿ, ದೃಷ್ಟಿ ಕಳೆದುಕೊಂಡಿದ್ದು ಇದೇ ಕಾಯಿಲೆಯಿಂದ. ಆಗ ಆಮ್ಲಜನಕವನ್ನ ಈಗಿನಷ್ಟು ಅಳೆದು ಕೊಡ್ತಿರಲಿಲ್ಲ.

ಎರಡನೆಯದು, ಕಾಯಿಲೆ ಎಲ್ಲಿದೆ, ಎಷ್ಟು ವೇಗವಾಗಿದೆ ಅನ್ನೋದು. ಒಟ್ಟು ಐದು ಹಂತ. ಒಂದು, ಎರಡನೇ ಹಂತದ್ದು ಬಹಳಷ್ಟು ಸಲ ತಾನಾಗಿಯೇ ಇಳಿಯುತ್ತೆ. ಆದರೆ ರೆಟಿನಾದ ನಡುಭಾಗದ ಹತ್ತಿರವೇ ಇದ್ದರೆ, ನಾಳಗಳು ಊದಿ ಸೊಟ್ಟಗಾಗಿದ್ದರೆ ಅಪಾಯ ಜಾಸ್ತಿ.

ಮೂರನೆಯದು ಸಮಯ. ಇದೊಂದೇ ಮನೆಯವರ ಕೈಯಲ್ಲಿರೋದು. ನಮ್ಮ ದೇಶದ ಮಾರ್ಗಸೂಚಿ ಪ್ರಕಾರ 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ತೂಕದ ಮಗುವಿಗೆ 30 ದಿನದೊಳಗೆ ಪರೀಕ್ಷೆ ಆಗಬೇಕು. ತೀರಾ ಚಿಕ್ಕ ಮಕ್ಕಳಿಗೆ ಇನ್ನೂ ಬೇಗ, ಎರಡರಿಂದ ಮೂರು ವಾರಕ್ಕೇ. ಚಿಕಿತ್ಸೆ ಬೇಕು ಅಂದ್ರೆ ಲೇಸರ್ ಅಥವಾ ಇಂಜೆಕ್ಷನ್, ಅದೂ ಎರಡು-ಮೂರು ದಿನದೊಳಗೆ. ರೆಟಿನಾ ಪೂರ್ತಿ ಕಳಚಿದ ಮೇಲೆ ಆಪರೇಷನ್ ಮಾಡಿದರೂ ಸಿಗುವ ದೃಷ್ಟಿ ಬಹಳ ಕಡಿಮೆ. ಜಿಎಸ್‌ಟಿ ರಿಟರ್ನ್ ತಡವಾದ್ರೆ ಲೇಟ್ ಫೀ ಕಟ್ಟಬಹುದು. ಇಲ್ಲಿ ಆ ಅವಕಾಶ ಇಲ್ಲ.

ಊರು ದೂರ ಅಂತೀರಾ? ಬೆಂಗಳೂರಿನ ನಾರಾಯಣ ನೇತ್ರಾಲಯದ ಕಿಡ್‌ರಾಪ್ ತಂಡ 2008ರಿಂದ ಜಿಲ್ಲೆಗಳ ಎನ್‌ಐಸಿಯುಗಳಿಗೇ ಕ್ಯಾಮೆರಾ ಒಯ್ದು ಮಕ್ಕಳ ಕಣ್ಣಿನ ಚಿತ್ರ ತೆಗೆಯುತ್ತೆ. ತಜ್ಞರು ಅದನ್ನ ದೂರದಿಂದಲೇ ನೋಡ್ತಾರೆ. ನಿಮ್ಮ ಆಸ್ಪತ್ರೆಯಲ್ಲಿ ಇಂಥ ವ್ಯವಸ್ಥೆ ಇದೆಯಾ ಅಂತ ಕೇಳಿ.

ನಮ್ಮ ಮಗುವಿಗೆ ಎರಡನೇ ಹಂತ ಇತ್ತು. ಇನ್ನೂ ನಾಲ್ಕು ಸಲ ಓಡಾಡಿದ್ವಿ, ತಾನಾಗಿಯೇ ಇಳೀತು. ಒಂದು ಸಲ ‘ನಾರ್ಮಲ್’ ಅಂದ್ರೂ, ನಾಳಗಳು ಪೂರ್ತಿ ಬೆಳೆದಿವೆ ಅಂತ ಡಾಕ್ಟರ್ ಹೇಳೋವರೆಗೂ ಹೋಗ್ತಾನೇ ಇರಬೇಕು. ಆಮೇಲೂ ಮೆಳ್ಳೆಗಣ್ಣು, ಮೈನಸ್ ಪವರ್ ಬರಬಹುದು ಅಂತ ನಾವು ಈಗಲೂ ತೋರಿಸ್ತೀವಿ. ಕಳೆದ ಸಲ ಮಗುವನ್ನ ಎತ್ಕೊಂಡು ಬಂದಿದ್ದು ಅಜ್ಜಿಯೇ.

ನಿಮ್ಮ ಮನೆಯಲ್ಲೂ ಬೇಗ ಹುಟ್ಟಿದ ಕೂಸಿದ್ರೆ, ಇವತ್ತೇ ಆ ಚೀಟಿ ತೆಗೆದು ನೋಡಿ. ಮುಂದಿನ ವಾರ ಸಿಗೋಣ.