ತಿಂಮನಿಗೆ ಲೇಖನಿ ಕೊಟ್ಟು ನೋಡಿ

ದೀಪಾವಳಿ ಕಳೆದು ನವೆಂಬರ್ ಬಂತೆಂದರೆ ಭಟ್ಕಳ, ಹೊನ್ನಾವರ, ಕುಮಟೆಯ ಕಡೆ ಚಂಡೆಯ ಸದ್ದು. ಯಕ್ಷಗಾನ ಮೇಳಗಳು ತಿರುಗಾಟ ಹೊರಡುವ ಕಾಲ ಅದು. ಅದೇ ತಿಂಗಳಲ್ಲಿ ಲೋಕದ ಬೇರೆ ಬೇರೆ ಮೂಲೆಗಳಲ್ಲಿ ಲಕ್ಷಾಂತರ ಜನ ಇನ್ನೊಂದು ಹುಚ್ಚಿಗೆ ಬೀಳುತ್ತಿದ್ದರು: 30 ದಿನಗಳಲ್ಲಿ 50,000 ಪದಗಳ ಕಾದಂಬರಿ. ಅಮೆರಿಕದ ಕ್ರಿಸ್ ಬೇಟಿ 1999ರಲ್ಲಿ 21 ಮಂದಿಯನ್ನು ಕಟ್ಟಿಕೊಂಡು ಶುರುಮಾಡಿದ ಈ ಪಂಥದ ಹೆಸರು ‘ನ್ಯಾನೊರೈಮೊ’. ನಡೆಸುತ್ತಿದ್ದ ಸಂಸ್ಥೆ ಮುಚ್ಚುವುದಾಗಿ 2025ರಲ್ಲಿ ಘೋಷಿಸಿತು.

ದಿನಕ್ಕೆ 1,667 ಪದ. ಕನ್ನಡದವರಿಗೆ ಇದು ಇನ್ನೂ ದುಬಾರಿ. ‘ಬರೆದುಬಿಟ್ಟಿದ್ದಾನಂತೆ’ ಎಂದರೂ ನಮ್ಮಲ್ಲಿ ಒಂದೇ ಪದ!

ಆದರೆ ಕೈ ಕಟ್ಟಿಹಾಕುವುದು ಲೆಕ್ಕವಲ್ಲ, ತಲೆಯೊಳಗೆ ಕೆಂಪು ಶಾಯಿ ಹಿಡಿದು ಕೂತ ಮೇಷ್ಟ್ರು. ಒಂದು ಸಾಲು ಬರೆಯುವಷ್ಟರಲ್ಲಿ ಎರಡು ಹೊಡೆದುಹಾಕುತ್ತಾರೆ. ಅವರನ್ನು ಒಂದು ತಿಂಗಳು ಹೊರಗಿಡಿ ಎನ್ನುವುದೇ ಬೇಟಿಯ ಉಪಾಯ. ಹಾಗಾದರೆ ಒಳಗೆ ಬರುವವರು ಯಾರು? ಬರೆಯುವವನದೇ ತುಂಟ ಜೋಡಿ, ತಪ್ಪಿಗೆ ನಾಚದವನು.

ಕನ್ನಡಕ್ಕೆ ಇವನು ಹೊಸಬನೇನಲ್ಲ. ಪೊಲೀಸ್ ಇಲಾಖೆಯಲ್ಲಿದ್ದ ರಾಯಸಂ ಭೀಮಸೇನರಾವ್ ಹಾಸ್ಯಲೇಖಕ ‘ಬೀಚಿ’ ಆದದ್ದೂ ಸಾಲದೆ ತಿಂಮನೆಂಬ ಪಾತ್ರವನ್ನು ಹುಟ್ಟಿಸಿದರು. ಭೀಮಸೇನರಾಯರು ಗಂಭೀರವಾಗಿ ಆಡಲಾಗದ ಮಾತನ್ನು ತಿಂಮ ಪೆದ್ದನಂತೆ ಆಡಿ ಪಾರಾಗುತ್ತಿದ್ದ.

ಹೊನ್ನಾವರದ ಸೀಮೆಯಲ್ಲಿ ತಿಂಮನ ನಂಟ, ಯಕ್ಷಗಾನದ ಹಾಸ್ಯಗಾರ, ಗೆಜ್ಜೆ ಕಟ್ಟಿಕೊಂಡೇ ಬರುತ್ತಾನೆ. ಕೆರೆಮನೆ ಶಿವರಾಮ ಹೆಗಡೆಯವರು ಅದೇ ಸೀಮೆಯ ಗುಣವಂತೆಯಲ್ಲಿ ಇಡಗುಂಜಿ ಮೇಳ ಕಟ್ಟಿದ್ದು 1934ರಲ್ಲಿ. ಯಕ್ಷಗಾನದಲ್ಲಿ ಪದ್ಯ ಮಾತ್ರ ಪ್ರಸಂಗಪುಸ್ತಕದ್ದು, ಮಾತೆಲ್ಲ ರಂಗದ ಮೇಲೇ ಹುಟ್ಟಬೇಕು. ಅದರಲ್ಲೂ ಹಾಸ್ಯಗಾರನ ಪಾಡು ನೋಡಬೇಕು. ದೂತನೋ ಅಗಸನೋ ಆಗಿ ನುಗ್ಗುತ್ತಾನೆ, ರಾಜನ ಗ್ರಾಂಥಿಕ ಕನ್ನಡದೆದುರು ಊರಿನ ಆಡುಮಾತು ಬಿಡುತ್ತಾನೆ. ಜನ ನಕ್ಕರೆ ಸೈ. ನಗದಿದ್ದರೆ? ಕೊರಗಲು ಹೊತ್ತಿಲ್ಲ, ಭಾಗವತರು ಮುಂದಿನ ಪದ್ಯ ಎತ್ತಿರುತ್ತಾರೆ. ತಿದ್ದಿಕೊಳ್ಳುವುದೇನಿದ್ದರೂ ಬೆಳಗಾದ ಮೇಲೆ, ಚೌಕಿಯಲ್ಲಿ ಬಣ್ಣ ತೆಗೆಯುವಾಗ. ನವೆಂಬರಿನ ಕಾದಂಬರಿಗೂ ಇದೇ ಕ್ರಮ. ಮೇಷ್ಟ್ರ ಪಾಳಿ ಡಿಸೆಂಬರಿಗೆ.

ಎಲ್ಲರಿಗೂ ಈ ಓಟ ಒಗ್ಗುವುದಿಲ್ಲ ಅನ್ನಿ. ಕುಮಟಾ ತಾಲ್ಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ನೌಕರಿ ಮಾಡುತ್ತಲೇ ಬರೆದವರು. ಅವರ ಕಾದಂಬರಿ ‘ಮೂರು ದಾರಿಗಳು’ ಬಂದದ್ದು 1964ರಲ್ಲಿ, ‘ಶಿಕಾರಿ’ 1979ರಲ್ಲಿ. ಆ ಹದಿನೈದು ವರ್ಷಗಳನ್ನು ದಿನಕ್ಕೆ ಇಷ್ಟು ಪದವೆಂದು ಭಾಗಿಸಲು ತಿಂಮನಿಗೂ ಧೈರ್ಯ ಬರಲಿಕ್ಕಿಲ್ಲ.